ಮಳೆಗೂ ಮೊದಲು ಮೊಣಕಾಲಿನ ತಯಾರಿ: ಹಳೆಯ ನೋವನ್ನು ವರ್ಷವಿಡೀ ಹದದಲ್ಲಿಡುವುದು ಹೇಗೆ?

ಮೃಗಶಿರ ಮಳೆ ಹಿಡಿಯಿತೆಂದರೆ ಸಾಕು, ಕರಾವಳಿಯ ಕುಮಟಾ, ಹೊನ್ನಾವರದಲ್ಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಲ್ಲೂ 'ಥಂಡಿಗೆ ಗಂಟೆಲ್ಲ ಹಿಡ್ಕಂಡಿದೆ' ಎಂಬ ಮಾತು ಜಗುಲಿಯಿಂದ ಜಗುಲಿಗೆ ಕೇಳತೊಡಗುತ್ತದೆ. ಹಿರಿಯರ ಈ ಮಾತನ್ನು ತಳ್ಳಿಹಾಕಬೇಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡ ಎರಡೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ದಿನದಿನದ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿದೆ. ಗಾಳಿಯಲ್ಲಿ ತೇವ ಹೆಚ್ಚಿ, ವಾಯುಭಾರ ಇಳಿದು, ಗಾಳಿ ಜೋರಾದ ದಿನ ನೋವು ಏರುವ ಸಾಧ್ಯತೆ ಸಾಮಾನ್ಯ ದಿನಕ್ಕಿಂತ ಶೇ 20ರಷ್ಟು ಹೆಚ್ಚು.

ಶೇ 20 ಎಂದರೆ ಹವೆಯ ಪ್ರಭಾವ ಇದೆ, ಆದರೆ ಅದೇ ಎಲ್ಲವೂ ಅಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಋತು ಬದಲಾದಂತೆ ಮೈಯ ಕೆಲಸವೂ ಪೂರ್ತಿ ಬದಲಾಗುತ್ತದೆ. ಮಳೆ ನಮ್ಮನ್ನು ತಿಂಗಳುಗಟ್ಟಲೆ ಕೂರಿಸಿಬಿಡುತ್ತದೆ, ಅಡಿಕೆ ಸುಗ್ಗಿ ರಾತ್ರಿ ಹನ್ನೊಂದರವರೆಗೂ ದುಡಿಸುತ್ತದೆ. ನೋವು ಕೆರಳುವುದು ಹೆಚ್ಚಾಗಿ ಈ ಎರಡು ತುದಿಗಳಲ್ಲಿ. ಆಕಾಶ ನಮ್ಮ ಕೈಯಲ್ಲಿಲ್ಲ. ದಿನಚರಿ ಒಂದಿಷ್ಟಾದರೂ ಇದೆ.

ಮೊದಲು, ಯಾವ ನೋವು ಎಂದು ತಿಳಿದುಕೊಳ್ಳಿ

ಮೂರು ತಿಂಗಳು ದಾಟಿಯೂ ಹೋಗದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅದಕ್ಕೆ ಕಾರಣ ಹಲವು: ಕೀಲು ಸವೆತ, ಆಮವಾತ (ರುಮಟಾಯ್ಡ್ ಆರ್ತ್ರೈಟಿಸ್), ಯೂರಿಕ್ ಆಮ್ಲದ ಗೌಟ್, ಚಿಕೂನ್‌ಗುನ್ಯಾ ಜ್ವರ ಬಿಟ್ಟ ಮೇಲೂ ಉಳಿಯುವ ಗಂಟು ನೋವು. ಒಂದಕ್ಕೆ ಒಗ್ಗಿದ ಔಷಧ ಇನ್ನೊಂದಕ್ಕೆ ಒಗ್ಗದು. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳು ಬಿಗಿದುಕೊಂಡು, ಸಡಿಲವಾಗಲು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೇಕಾದರೆ ಅದನ್ನು 'ವಯಸ್ಸಾಯ್ತು' ಎಂದು ಬಿಡಬೇಡಿ. ಆಮವಾತಕ್ಕೆ ಬೇಗ ಚಿಕಿತ್ಸೆ ಶುರುವಾದಷ್ಟೂ ಕೀಲುಗಳು ಉಳಿಯುತ್ತವೆ.

ಎರಡನೆಯದು, ಕ್ಯಾಲೆಂಡರಿನಲ್ಲಿ ನೋವಿನ ಲೆಕ್ಕ

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇದಕ್ಕೆ ಸಾಕು. ಪ್ರತಿದಿನ ಸಂಜೆ ಆ ದಿನದ ನೋವಿಗೆ 0ಯಿಂದ 10ರೊಳಗೆ ಒಂದು ಅಂಕಿ ಕೊಡಿ. ಪಕ್ಕದಲ್ಲಿ ಏನು ಕೆಲಸ, ಎಷ್ಟು ನಿದ್ದೆ ಎಂದು ಎರಡೇ ಶಬ್ದ ಬರೆಯಿರಿ. ಎರಡು ವಾರ ಕಳೆದರೆ, ನೋವು ಏರಿದ್ದು ಮಳೆ ಸುರಿದ ದಿನವೋ ಅಥವಾ ತೋಟದಿಂದ ಹೊರೆ ಹೊತ್ತು ತಂದ ಮರುದಿನವೋ ಎಂಬುದು ಗೊತ್ತಾಗುತ್ತದೆ.

ಮೂರನೆಯದು, ಮೇ ತಿಂಗಳಲ್ಲೇ ತಯಾರಿ

ಮಳೆಗಾಲಕ್ಕೆ ಕಟ್ಟಿಗೆ ಒಟ್ಟುತ್ತೇವೆ, ಹಪ್ಪಳ ಮಾಡಿಡುತ್ತೇವೆ, ಕರಾವಳಿಯಲ್ಲಿ ಒಣಮೀನು ಕೂಡಿಡುತ್ತೇವೆ. ಅದೇ ಹೊತ್ತಿನಲ್ಲಿ ಕಾಲಿಗೂ ಬಲ ಕೂಡಿಡಬೇಕು. ಮೊಣಕಾಲಿನ ಭಾರ ಹೊರುವುದು ತೊಡೆಯ ಸ್ನಾಯು. ಅದು ಸೊರಗಿದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಗಟ್ಟಿ ಕುರ್ಚಿಯ ಮೇಲೆ ಕುಳಿತು, ಕೈ ಊರದೆ ನಿಧಾನವಾಗಿ ಏಳಿ, ನಿಧಾನವಾಗಿ ಕೂರಿ. ಐದು ಸಲದಿಂದ ಶುರು ಮಾಡಿ ಹತ್ತಕ್ಕೆ ಏರಿಸಿ. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸಿ. ಸೊಂಟ ನೋವಿರುವವರು ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟವನ್ನು ಮೇಲೆತ್ತಿ ಐದು ಎಣಿಸಿ ಇಳಿಸಿ. ವ್ಯಾಯಾಮದ ಹೊತ್ತಿಗೆ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಾಗಿದೆ. ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ, ಬಿಡಬೇಡಿ.

ಮನೆಯನ್ನೂ ನೋಡಿ. ಪಾಚಿ ಕಟ್ಟುವ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವ ನಮ್ಮ ಕಡೆಯ ಪದ್ಧತಿ ಎಷ್ಟು ಸೊಂಟಗಳನ್ನು ಉಳಿಸಿದೆಯೋ! ಅದನ್ನು ಮೊದಲ ಮಳೆಗೆ ಮುಂಚೆ ಮುಗಿಸಿ. ಬಚ್ಚಲಲ್ಲಿ ಹಿಡಿಯಲು ಒಂದು ಸರಳು, ಶೌಚಾಲಯಕ್ಕೆ ಕಮೋಡ್ ಅಥವಾ ಕಮೋಡ್ ಕುರ್ಚಿ ಹಾಕಿಸಿ. ಮೊಣಕಾಲು ನೋವಿನವರಿಗೆ ಇದು ಯಾವ ಮುಲಾಮಿಗಿಂತಲೂ ಹೆಚ್ಚು ಉಪಕಾರಿ.

ನಾಲ್ಕನೆಯದು, ಮಳೆಯಲ್ಲಿ ಕೂತುಬಿಡಬೇಡಿ

ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ 'ವಾಕಿಂಗ್ ಹೋಗಿ' ಎಂಬ ಸಲಹೆ ಜುಲೈನಲ್ಲಿ ನಡೆಯುವ ಮಾತಲ್ಲ. ಜಗುಲಿಯ ಉದ್ದಕ್ಕೆ ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಸಲ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಬೇಕೆನ್ನುತ್ತದೆ. ಐದು ದಿನ ಹೀಗೆ ಚುರುಕಾಗಿ ನಡೆದರೆ ಆ ಲೆಕ್ಕ ತುಂಬುತ್ತದೆ.

ಮೀನುಗಾರರ ಪಾಡು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆ ದಿನಗಳಲ್ಲಿ ನೆಲದ ಮೇಲೆ ಕುಳಿತು, ಕುತ್ತಿಗೆ ಬಗ್ಗಿಸಿ ಬಲೆ ರಿಪೇರಿ ಮಾಡುವುದು, ಆಗಸ್ಟ್ ಬಂದೊಡನೆ ಏಕಾಏಕಿ ಭಾರ ಎಳೆಯುವುದು. ಜುಲೈ ಮಧ್ಯದಿಂದಲೇ ತೋಳು, ಬೆನ್ನಿನ ವ್ಯಾಯಾಮ ಶುರು ಮಾಡಿದರೆ ಆ ಮೊದಲ ವಾರದ ಬೆನ್ನು ಹಿಡಿತ ಕಡಿಮೆಯಾದೀತು. ಗದ್ದೆಯಲ್ಲಿ ನೆಟ್ಟಿ ಮಾಡುವ ಹೆಂಗಸರು ಪ್ರತಿ ಸಾಲು ಮುಗಿದಾಗ ನೆಟ್ಟಗೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಒಮ್ಮೆ ಹಿಂದಕ್ಕೆ ಬಾಗಬೇಕು. ಕೆಲಸ ಕೊಟ್ಟವರು ಅದಕ್ಕೆ ಮುಖ ಸಿಂಡರಿಸಬಾರದು.

ಒದ್ದೆ ಬಟ್ಟೆಯಲ್ಲಿ ಉಳಿಯಬೇಡಿ. ಬಚ್ಚಲ ಹಂಡೆಯ ಬಿಸಿನೀರು ನಮ್ಮ ಭಾಗ್ಯ. ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರಿನ ಸ್ನಾನ ಹಿತವೆನಿಸಿದರೆ ಮಾಡಿ. ಶಾಖ ಕೊಡುವುದಾದರೆ ಬಟ್ಟೆ ಸುತ್ತಿ 15–20 ನಿಮಿಷ ಸಾಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಪಾದಕ್ಕೆ ಬಿಸಿ ಕೊಡಲೇಬಾರದು, ಸುಟ್ಟರೂ ತಿಳಿಯುವುದಿಲ್ಲ. ಚಿಕೂನ್‌ಗುನ್ಯಾ ತರುವ ಸೊಳ್ಳೆ ಹಗಲು ಕಚ್ಚುವಂಥದ್ದು. ತೆಂಗಿನ ಚಿಪ್ಪಿನಲ್ಲಿ, ತೋಟದ ಹಾಳೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ.

ಐದನೆಯದು, ಸುಗ್ಗಿಯಲ್ಲಿ ಕೆಲಸವನ್ನು ತುಂಡು ಮಾಡಿ

ಶಿರಸಿ, ಸಿದ್ದಾಪುರದ ಮನೆಗಳಿಗೆ ಇದು ಎಲ್ಲಕ್ಕಿಂತ ಮುಖ್ಯ. ಕೊನೆ (ಅಡಿಕೆ ಗೊನೆ) ಇಳಿಸಿದ ಮೇಲೆ ಹಸಿ ಅಡಿಕೆ ಕಾಯುವುದಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಬಗ್ಗಿ ಕೂತವರಿಗೆ ಬೆರಳು, ಭುಜ, ಸೊಂಟ ಮೂರೂ ಒಟ್ಟಿಗೆ ಕೈಕೊಡುತ್ತವೆ. ಮೇಲಾಗಿ ಶಿರಸಿಯ ಚಳಿ. ಮೈ ಹಗುರವಾದ ದಿನ ಒಂದಕ್ಕೆ ಎರಡು ದುಡಿದು, ಮರುದಿನ ಹಾಸಿಗೆ ಹಿಡಿಯುವುದು ನೋವಿನವರು ಸಾಮಾನ್ಯವಾಗಿ ಬೀಳುವ ಗುಂಡಿ.

ಅದರಿಂದ ಹೊರಬರಲು ಒಂದು ಲೆಕ್ಕವಿದೆ. ನೋವು ಏರದೆ ಎಷ್ಟು ಹೊತ್ತು ಸುಲಿಯಬಲ್ಲಿರಿ ಎಂದು ನಾಲ್ಕೈದು ದಿನ ಗಡಿಯಾರ ಇಟ್ಟು ನೋಡಿ ಸರಾಸರಿ ತೆಗೆಯಿರಿ. 50 ನಿಮಿಷ ಬಂತೆನ್ನಿ. ಅದರಲ್ಲಿ ಐದನೇ ಒಂದು ಪಾಲು ಕಳೆದು 40ಕ್ಕೆ ನಿಲ್ಲಿಸಿ. ಮೊಬೈಲಿನಲ್ಲಿ ಅಲಾರಾಂ ಇಡಿ. ಅದು ಹೊಡೆದಾಗ ನೋವಿರಲಿ, ಇಲ್ಲದಿರಲಿ, ಏಳಲೇಬೇಕು. ಹತ್ತು ನಿಮಿಷ ಬೇರೆ ಕೆಲಸ: ಅಡಿಕೆ ಬೇಯುವ ಹಂಡೆ ನೋಡಿ ಬನ್ನಿ, ಅಟ್ಟದ ಮೇಲೆ ಹರವಿದ್ದನ್ನು ಕೈಯಾಡಿಸಿ. ಮತ್ತೆ ಬಂದು ಕೂರಿ. ವಾರ ಕಳೆದು ಮೈ ಒಗ್ಗಿದರೆ ನಾಲ್ಕೈದು ನಿಮಿಷ ಸೇರಿಸಿ. ಎದ್ದವರನ್ನು 'ಆಗಲೇ ಎದ್ಯಾ?' ಎಂದು ಮನೆಯವರು ಕೇಳಬಾರದು. ಆ ಒಂದು ಮಾತಿಗೆ ಹೆದರಿ ಸೊಂಟ ಕಳೆದುಕೊಳ್ಳುವ ಸೊಸೆಯಂದಿರಿದ್ದಾರೆ.

ಚಳಿಗಾಲದಿಂದ ಮೇವರೆಗೆ ಯಕ್ಷಗಾನದ ಕಾಲವೂ ಹೌದು. ನಿದ್ದೆಗೆಟ್ಟ ಮರುದಿನ ಅದೇ ನೋವು ಹೆಚ್ಚು ಅನ್ನಿಸುತ್ತದೆ. ಆಟ ಬಿಡಬೇಕೆಂದಿಲ್ಲ, ನೋವಿನ ನಡುವೆ ಇಂಥ ಸಂತೋಷ ಬೇಕೇ ಬೇಕು. ಮರುದಿನದ ಭಾರದ ಕೆಲಸವನ್ನು ಮುಂದೂಡಿ, ಅಷ್ಟೆ. ಬೇಸಿಗೆಯ ಮದುವೆಮನೆಯಲ್ಲಿ ನೆಲದ ಪಂಕ್ತಿಗೆ ಬದಲು ಮೇಜಿನ ಊಟ ಕೇಳಲು ಸಂಕೋಚ ಬೇಡ. ಕರಾವಳಿಯ ಸೆಕೆಯಲ್ಲಿ ಬೆವರಿ ಕಾಲು ಸೆಳೆಯುವವರು ನೀರು, ಮಜ್ಜಿಗೆ ಮರೆಯಬೇಡಿ.

ಊಟ ಮತ್ತು ಮಾತ್ರೆ

ನೋವು ಕಳೆಯುವ ಒಂದೇ ಪದಾರ್ಥವೆಂಬುದಿಲ್ಲ. ಮೈ ತೂಕದ ವಿಚಾರ ಮಾತ್ರ ಖಚಿತ: ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಬಂಗುಡೆ, ತಾರ್ಲೆ (ಬೂತಾಯಿ) ಮೀನಿನಲ್ಲಿ ಒಮೆಗಾ-3 ಕೊಬ್ಬು ಹೇರಳ, ಆಮವಾತದವರಿಗೆ ಒಳ್ಳೆಯದು. ಆದರೆ ಗೌಟ್ ಇರುವವರಿಗೆ ಅದೇ ತಾರ್ಲೆ ತೊಂದರೆ ಕೊಡಬಹುದು. ಮಳೆಗಾಲದಲ್ಲಿ ಒಣಮೀನು, ಉಪ್ಪಿನಕಾಯಿಯ ಉಪ್ಪಿನ ಜೊತೆಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆ ದಿನವೂ ಸೇರಿದರೆ ರಕ್ತದೊತ್ತಡ ಏರುತ್ತದೆ. ಈ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡಕ್ಕೂ ಕೆಟ್ಟವು. ವೈದ್ಯರು ಬರೆದ ದಿನಗಳಿಗಿಂತ ಮುಂದುವರಿಸಬೇಡಿ. ಹೆಸರು, ಚೀಟಿ ಇಲ್ಲದ ಪುಡಿ, ಗುಳಿಗೆ ತಿಂದ ಎರಡೇ ದಿನಕ್ಕೆ ನೋವು ಮಾಯವಾದರೆ ಸ್ಟೀರಾಯ್ಡ್ ಬೆರಕೆಯ ಅನುಮಾನ ಪಡಬೇಕು. ತಿಂಗಳುಗಟ್ಟಲೆ ತಿಂದಿದ್ದರೆ ಥಟ್ಟನೆ ನಿಲ್ಲಿಸದೆ ವೈದ್ಯರಿಗೆ ತೋರಿಸಿ.

ನೋವಿನಿಂದ ಮನಸ್ಸು ಕುಗ್ಗುವುದೂ ಕಾಯಿಲೆಯ ಭಾಗವೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕಾಯಬಾರದ ಹೊತ್ತು

ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದು ಕೀಲು ಕೆಂಪಗೆ ಬಿಸಿಯಾಗಿ ಊದಿ ಜ್ವರ ಬಂದರೂ ಅಷ್ಟೇ. ಗದ್ದೆ, ತೋಟದ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರದೊಂದಿಗೆ ಮೀನಖಂಡ ವಿಪರೀತ ನೋಯುತ್ತಿದ್ದರೆ ಅದು ಹಳೆಯ ನೋವಲ್ಲ, ಇಲಿಜ್ವರವಿರಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂಡಲೇ ತೋರಿಸಿ.

ತಜ್ಞರನ್ನು ಕಾಣಲು ನಮ್ಮವರು ಹುಬ್ಬಳ್ಳಿ, ಮಣಿಪಾಲ, ಗೋವಾ ಎಂದು ದೂರ ಹೋಗಬೇಕಾಗುತ್ತದೆ. ಒಂದು ದಿನದ ಕೂಲಿ, ಬಸ್ಸಿನ ಖರ್ಚು ವ್ಯರ್ಥವಾಗದಂತೆ ಎಕ್ಸ್‌ರೇ, ರಕ್ತ ಪರೀಕ್ಷೆಯ ವರದಿ, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಗಿಡಮೂಲಿಕೆಯದ್ದೂ ಸೇರಿಸಿ, ಜೊತೆಗಿರಲಿ. ಗೋಡೆಯ ಕ್ಯಾಲೆಂಡರಿನ ಹಾಳೆಗಳ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, ವೈದ್ಯರು ಕೇಳದಿದ್ದರೂ ತೋರಿಸಿ.