ಬ್ಯಾನರ್ ಕಡಿಮೆ, ಕೆಲಸ ಜಾಸ್ತಿ: ನಾಲ್ಕನೇ ತರಗತಿಯ ವರ್ಷವನ್ನು ಹೊಂದಿಸುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಜೂನ್ ಮೊದಲ ವಾರದ ಪ್ರವೇಶೋತ್ಸವದಿಂದ ಮಾರ್ಚ್ ಕೊನೆಯ ಪರೀಕ್ಷೆಯವರೆಗೆ ದಿನಾಚರಣೆಗಳಿಗೆ ಬರವಿಲ್ಲ. ಪರಿಸರ ದಿನ, ವಾಚನ ದಿನ, ಚಾಂದ್ರ ದಿನ, ಹಿರೋಶಿಮಾ ದಿನ, ಓಣಂ, ಅಧ್ಯಾಪಕರ ದಿನ, ಗಾಂಧಿ ಜಯಂತಿ, ಕೇರಳ ರಾಜ್ಯೋದಯದ ದಿನ, ಮಕ್ಕಳ ದಿನ, ಇವುಗಳ ನಡುವೆ ಕಲೋತ್ಸವ, ಶಾಸ್ತ್ರೋತ್ಸವ, ಕ್ರೀಡಾಕೂಟ. ಎಲ್ಲದಕ್ಕೂ ಒಂದು ಬ್ಯಾನರ್, ಒಂದು ಭಾಷಣ, ವಾಟ್ಸಾಪ್ ಗುಂಪಿಗೆ ನಾಲ್ಕು ಫೋಟೋ ಎಂದು ಹೊರಟರೆ ಪಾಠಕ್ಕೂ ಸಮಯ ಸಾಲದು, ಮಕ್ಕಳ ಕೈಯಲ್ಲೂ ಏನೂ ಉಳಿಯದು. ಐದಾರನ್ನು ಮಾತ್ರ ಆರಿಸಿ ತಿಂಗಳುಗಟ್ಟಲೆ ನಡೆಸಿ, ಉಳಿದವನ್ನು ಅಸೆಂಬ್ಲಿಯ ಹತ್ತು ನಿಮಿಷಕ್ಕೆ ಬಿಡುವುದು ಲೇಸು. ಕೆಳಗಿನ ಅಳತೆಗಳು ಸುಮಾರು 25 ಮಕ್ಕಳಿರುವ ನಾಲ್ಕನೇ ತರಗತಿಗೆ ಹೊಂದುವಂಥವು.

ಜೂನ್: ಗಿಡಕ್ಕಿಂತ ಮೊದಲು ಮಳೆ

ಜೂನ್ 5ರಂದು ನೆಟ್ಟ ಗಿಡ ಮಳೆಗಾಲದಲ್ಲಿ ಸಾಯುವುದು ಕಡಿಮೆ. ಸಾಯುವುದು ಏಪ್ರಿಲ್, ಮೇ ತಿಂಗಳಲ್ಲಿ, ಶಾಲೆಗೆ ಬೀಗ ಬಿದ್ದು ನೀರು ಹಾಕುವವರಿಲ್ಲದಾಗ. ಹಾಗಾಗಿ ಹತ್ತು ಗಿಡ ನೆಡುವ ಬದಲು ಎರಡು ನೆಡಿ, ರಜೆಯಲ್ಲಿ ನೀರು ಹಾಕಬಲ್ಲ ಪಕ್ಕದ ಮನೆಯವರನ್ನು ಅಂದೇ ಗೊತ್ತುಮಾಡಿಕೊಳ್ಳಿ. ಆಟದ ಅಂಗಳದ ಅಂಚು, ವಿದ್ಯುತ್ ತಂತಿಯ ಕೆಳಗೆ, ಬಾವಿಕಟ್ಟೆಯ ಹತ್ತಿರ, ಈ ಮೂರು ಕಡೆ ಮರವಾಗುವ ಗಿಡ ಬೇಡ.

ಜೂನ್ ತಿಂಗಳ ನಿಜವಾದ ಪಾಠ ಮಳೆಯದು. ಜಿಲ್ಲೆಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಮಾಪಕ ಮಾಡಲು ಎರಡು ಲೀಟರಿನ ಒಂದು ಪ್ಲಾಸ್ಟಿಕ್ ಬಾಟಲಿ ಸಾಕು. ಅದರ ಮೈ ನೇರವಾಗಿ, ನಯವಾಗಿ ಇರಬೇಕು. ನಡು ಸಣ್ಣಗಿರುವ, ಸುತ್ತ ಗೆರೆ ಗೆರೆ ಇರುವ ಬಾಟಲಿ ತಂದರೆ ಅಳತೆ ಮೊದಲ ದಿನದಿಂದಲೇ ತಪ್ಪು.

ಮಾಡುವ ಕ್ರಮ ಹೀಗೆ. ಬಾಟಲಿಯ ಹೆಗಲು ಮುಗಿದು ನೇರ ಮೈ ಶುರುವಾಗುವಲ್ಲಿ ಸುತ್ತ ಗೆರೆ ಎಳೆದು ಕತ್ತರಿಸಿ. ಕತ್ತರಿಸುವುದು ದೊಡ್ಡವರ ಕೆಲಸ, ಅಂಚಿಗೆ ಟೇಪ್ ಸುತ್ತುವುದು ಮಕ್ಕಳದು. ಮೇಲಿನ ತುಂಡಿನ ಮುಚ್ಚಳ ತೆಗೆದು ಅದನ್ನು ತಲೆಕೆಳಗಾಗಿ ಕೆಳಗಿನ ತುಂಡಿನ ಬಾಯಿಗೆ ಕೂರಿಸಿದರೆ ಆಲಿಕೆ ಆಯಿತು. ಬಿದ್ದ ನೀರು ಆವಿಯಾಗುವುದನ್ನೂ ಇದು ತಡೆಯುತ್ತದೆ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿಂದ ಅಳೆಯುವಂತಿಲ್ಲ. ಸಿಮೆಂಟ್ ಮತ್ತು ಮರಳಿನ ಗಾರೆಯನ್ನು ತಳದ ಉಬ್ಬು ಮುಚ್ಚುವಷ್ಟು ಸುರಿದು, ಮೇಲ್ಮೈ ಸಮ ಮಾಡಿ, ಎರಡು ದಿನ ಒಣಗಲು ಬಿಡಿ. ಗಾರೆಯ ಮೇಲ್ಮೈಯೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಹಿಡಿದು, ಅಳಿಸಿ ಹೋಗದ ಮಾರ್ಕರ್ ಪೆನ್ನಿನಲ್ಲಿ ಐದೈದು ಮಿಲಿಮೀಟರಿಗೆ ಗೆರೆ ಹಾಕಿ. ಕಾಗದದ ಪಟ್ಟಿ ಅಂಟಿಸಿದರೆ ಮೊದಲ ವಾರದಲ್ಲೇ ನೆನೆದು ಜಾರುತ್ತದೆ. ಆಲಿಕೆಯ ಬಾಯಿ ಮತ್ತು ಬಾಟಲಿಯ ಮೈ ಒಂದೇ ಅಗಲವಿರುವುದರಿಂದ ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ, ಬೇರೆ ಲೆಕ್ಕ ಬೇಡ.

ಇಡುವ ಜಾಗ ಮಾಡುವ ಕೆಲಸದಷ್ಟೇ ಮುಖ್ಯ. ಮಾಡಿನ ಅಂಚು, ತೆಂಗು, ಕಂಗು, ಧ್ವಜಸ್ತಂಭ ಇವುಗಳಿಂದ ದೂರ, ಬಯಲಿನಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ ನಾಲ್ಕು ಕಲ್ಲುಗಳ ನಡುವೆ ಸಿಕ್ಕಿಸಿ. ನೆಲದಲ್ಲೇ ಇಟ್ಟರೆ ಸಿಡಿಯುವ ಕೆಸರುನೀರು ಒಳಗೆ ಬೀಳುತ್ತದೆ, ಕಟ್ಟದೆ ಇಟ್ಟರೆ ಗಾಳಿಗೆ ಉರುಳುತ್ತದೆ. ದಿನವೂ ಒಂದೇ ಹೊತ್ತಿಗೆ, ಬೆಳಗ್ಗೆ 10 ಗಂಟೆ ಎಂದಾದರೆ 10ಕ್ಕೇ, ಇಬ್ಬರು ಮಕ್ಕಳು ಹೋಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತಗ್ಗಿಸಿ ಓದಿ, ಬರೆದು, ಚೆಲ್ಲಬೇಕು. ಚೆಲ್ಲದಿದ್ದರೆ ನಾಳೆಯ ಲೆಕ್ಕ ಕೆಡುತ್ತದೆ, ಸೊಳ್ಳೆಯೂ ಆಗುತ್ತದೆ. ಸೋಮವಾರ ಸಿಗುವುದು ಮೂರು ದಿನಗಳ ಒಟ್ಟು ಮಳೆ. ಅದನ್ನು ಮೂರರಿಂದ ಭಾಗಿಸಿ ಶನಿವಾರ, ಭಾನುವಾರದ ಕಾಲಂ ತುಂಬಿಸುವ ಚಪಲ ಬೇಡ, ‘3 ದಿನದ್ದು’ ಎಂದೇ ಬರೆಯಿರಿ.

ಹವಾಮಾನ ಇಲಾಖೆಯ ದಿನ ಮುಗಿಯುವುದು ಬೆಳಗ್ಗೆ 8.30ಕ್ಕೆ. ಹಾಗಾಗಿ ಪತ್ರಿಕೆಯಲ್ಲಿ ಬರುವ, ಜಿಲ್ಲೆಯ ಮಳೆ ಅಳೆಯುವ ಕೇಂದ್ರಗಳಾದ ಕೂಡ್ಲು ಅಥವಾ ಹೊಸದುರ್ಗದ ಅಂಕಿಗೂ ನಿಮ್ಮದಕ್ಕೂ ವ್ಯತ್ಯಾಸ ಬಂದರೆ ಗಾಬರಿಯಾಗಬೇಕಿಲ್ಲ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ, 115.6ರಿಂದ 204.4 ಆದರೆ ಅತಿ ಭಾರೀ ಮಳೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಎಂದು ಮಕ್ಕಳು ಕೇಳುವುದು ಇದನ್ನೇ. ಅವರಿಗೆ ಅದು ರಜೆಯ ಬಣ್ಣವಾಗಿಯೇ ಗೊತ್ತಿರುವುದರಿಂದ ಪಾಠ ಬೇಗ ತಲೆಗೆ ಹೋಗುತ್ತದೆ. ಈ ಬಾಟಲಿಯಲ್ಲಿ ಸುಮಾರು 150 ಮಿ.ಮೀ. ಮಾತ್ರ ಹಿಡಿಯುತ್ತದೆ. ತುಂಬಿ ಹೊರಚೆಲ್ಲಿದ ದಿನ ‘150ಕ್ಕಿಂತ ಹೆಚ್ಚು’ ಎಂದು ಬರೆಯಲು ಕಲಿಸಿ. ಅಂದಾಜು ಅಂಕಿ ಬರೆಯಲು ಬಿಡಬೇಡಿ.

ದಿನದಿನದ ಅಳತೆ ಬರೆದಿಟ್ಟ ಈ ಮಳೆಪುಸ್ತಕ ಗಣಿತಕ್ಕೂ ಬರುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ತರಗತಿಯ ಕೋಣೆ 6 ಮೀಟರ್ ಉದ್ದ, 6 ಮೀಟರ್ ಅಗಲವಿದ್ದು 50 ಮಿ.ಮೀ. ಮಳೆ ಬಂದರೆ ಮಾಡಿನಿಂದ 1800 ಲೀಟರ್ ಇಳಿಯಿತು. ಇಳಿಜಾರಿನ ಹೆಂಚನ್ನು ಅಳೆಯಬಾರದು, ಮಾಡು ಮುಚ್ಚಿರುವ ನೆಲವನ್ನು ಅಳೆಯಬೇಕು. ಮಕ್ಕಳು ಎಡವುವುದು ಇಲ್ಲೇ.

ವಾಚನ ದಿನ ಒಂದು ದಿನಕ್ಕೆ ಮುಗಿಯದಂತೆ

ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ತೀರಿಕೊಂಡದ್ದು 1995ರ ಜೂನ್ 19ರಂದು. ಕೇರಳದಲ್ಲಿ ಆ ದಿನವೇ ವಾಚನ ದಿನ. ತರಗತಿಯಲ್ಲಿ ಒಂದು ಹಗ್ಗ ಕಟ್ಟಿ ಪುಸ್ತಕಗಳನ್ನು ಬಟ್ಟೆ ಕ್ಲಿಪ್‌ನಲ್ಲಿ ತೂಗುಹಾಕಿ. ಕಪಾಟಿನೊಳಗಿನ ಪುಸ್ತಕ ಮಳೆಗಾಲದಲ್ಲಿ ಬೂಸರು ಹಿಡಿಯುತ್ತದೆ, ಮಕ್ಕಳ ಕಣ್ಣಿಗೂ ಬೀಳುವುದಿಲ್ಲ. 25 ಮಕ್ಕಳಿಗೆ 50 ತೆಳು ಪುಸ್ತಕ ಇದ್ದರೆ ಒಂದು ಟರ್ಮ್ ನಡೆಯುತ್ತದೆ. ಶುಕ್ರವಾರ ಕೊಂಡುಹೋಗಿ ಸೋಮವಾರ ತಂದವರು ಎರಡು ನಿಮಿಷ ಕತೆ ಹೇಳಲಿ. ‘ಓದಿದ ಪುಸ್ತಕದ ಸಾರಾಂಶ ಬರೆಯಿರಿ’ ಎಂದು ಹೇಳಿದ ದಿನವೇ ಓದು ನಿಂತುಹೋಗುತ್ತದೆ.

ನಮ್ಮ ತರಗತಿಗಳಲ್ಲಿ ಮನೆಮಾತು ತುಳು, ಬ್ಯಾರಿ, ಮಲೆಯಾಳ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಎಂದು ನಾಲ್ಕೈದು ಇರುವುದು ಮಾಮೂಲು. ಕತೆಯನ್ನು ಮೊದಲು ಮನೆಮಾತಿನಲ್ಲಿ ಹೇಳಲು ಬಿಟ್ಟರೆ ಬಾಯಿ ಬಿಡದ ಮಗುವೂ ಮಾತಾಡುತ್ತದೆ. ಆಮೇಲೆ ಅದರಲ್ಲೊಂದು ನಾಲ್ಕು ವಾಕ್ಯ ಕನ್ನಡದಲ್ಲಿ ಬರೆಯಲಿ. ಹೀಗೆ ಬರೆದದ್ದೇ ಡಿಸೆಂಬರಿನ ಕೈಬರಹ ಪತ್ರಿಕೆಗೆ ಸರಕು. ಎ4 ಹಾಳೆಯಲ್ಲಿ ಎಡಕ್ಕೆ 3 ಸೆಂಟಿಮೀಟರ್ ಬಿಟ್ಟು ಬರೆಸದಿದ್ದರೆ ಹೊಲಿಗೆ ಹಾಕುವಾಗ ಸಾಲಿನ ಮೊದಲಕ್ಷರಗಳು ಒಳಗೆ ಸೇರಿಹೋಗುತ್ತವೆ.

ಚಾಂದ್ರ ದಿನ ಜುಲೈಯಲ್ಲಿ, ಚಂದ್ರ ಡಿಸೆಂಬರಿನಲ್ಲಿ

1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಭಾರತದಲ್ಲಿ ಜುಲೈ 21ರ ನಸುಕು. ಆದರೆ ಜುಲೈ 21ಕ್ಕೆ ಇಲ್ಲಿ ಚಂದ್ರ ಕಾಣುವುದು ಅದೃಷ್ಟವಿದ್ದರೆ. ರಾಕೆಟ್ ಚಿತ್ರ, ರಸಪ್ರಶ್ನೆ ಆ ದಿನಕ್ಕಿರಲಿ. ನೋಡುವ ಕೆಲಸವನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ.

ಅಮಾವಾಸ್ಯೆ ಕಳೆದ ಎರಡನೇ ಸಂಜೆಯಿಂದ ಶುರು. ದಿನವೂ 6.45ಕ್ಕೆ, ಮನೆಯಂಗಳದ ಒಂದೇ ಜಾಗದಲ್ಲಿ ನಿಂತು, ಎದುರಿನ ತೆಂಗಿನಮರವನ್ನೋ ಮನೆಯ ಮಾಡನ್ನೋ ಗುರುತಾಗಿ ಇಟ್ಟುಕೊಂಡು ಚಂದ್ರ ಎಲ್ಲಿದ್ದಾನೆಂದು ಬಿಡಿಸಬೇಕು. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ. ಚಂದ್ರ ಅದೇ ಹೊತ್ತಿಗೆ ದಿನಕ್ಕೆ ಒಂದು ಮುಷ್ಟಿಗಿಂತ ತುಸು ಹೆಚ್ಚು ಮೂಡಣಕ್ಕೆ ಸರಿದಿರುತ್ತಾನೆ. ಹುಣ್ಣಿಮೆ ಕಳೆದ ಮೇಲೆ ಸಂಜೆ ಕಾಣುವುದಿಲ್ಲ ಎಂದು ಮಕ್ಕಳು ಪುಸ್ತಕ ಮುಚ್ಚಿಬಿಡುತ್ತಾರೆ. ಆಗ ನೋಡಬೇಕಾದದ್ದು ಬೆಳಗ್ಗೆ ಶಾಲೆಗೆ ಬರುವ ಹೊತ್ತಿನಲ್ಲಿ, ಪಡುವಣದಲ್ಲಿ.

ಹಿರೋಶಿಮಾ, ನಾಗಸಾಕಿ ದಿನಗಳಾದ ಆಗಸ್ಟ್ 6 ಮತ್ತು 9ಕ್ಕೆ ಕಾಗದದ ಕೊಕ್ಕರೆ ಮಡಚುವುದಾದರೆ ಹಾಳೆ ಸರಿಯಾಗಿ ಚೌಕವಾಗಿರಲಿ, 15 ಸೆಂ.ಮೀ.ಗಿಂತ ಚಿಕ್ಕದು ಬೇಡ. ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಪೇಟೆಯಿಂದ ಸೇವಂತಿಗೆ ತರಿಸುವ ಖರ್ಚು ಅನಗತ್ಯ. ತುಂಬೆ, ಕೇಪಳ, ದಾಸವಾಳ, ಹಸಿರಿಗೆ ಸಣ್ಣಗೆ ಹೆಚ್ಚಿದ ಎಲೆ ಸಾಕು; ಒಂದು ಮೀಟರ್ ಅಡ್ಡಳತೆಯ ವೃತ್ತ ಒಂದು ತರಗತಿಗೆ ದೊಡ್ಡದೇ.

ಅಕ್ಟೋಬರ್: ಹರಿವೆ ಬಿತ್ತಿ, ಕಲೋತ್ಸವಕ್ಕೆ ಹೊರಡಿ

ತರಕಾರಿಗೆ ತಕ್ಕ ಹೊತ್ತು ಮಳೆ ಇಳಿದ ಮೇಲೆ. ಸುಡುಮಣ್ಣು, ಒಣಗಿದ ಹಟ್ಟಿಗೊಬ್ಬರ, ಮೇಲ್ಮಣ್ಣು ಸಮಪಾಲು ಬೆರೆಸಿ ಎಂಟು ಗ್ರೋಬ್ಯಾಗ್ (ಗಿಡ ಬೆಳೆಸುವ ಚೀಲ) ತುಂಬಿಸಿ. ಮುಕ್ಕಾಲು ಭಾಗ ತುಂಬಿದರೆ ಸಾಕು, ಇಲ್ಲವಾದರೆ ನೀರು ಹಾಕುವಾಗ ಮಣ್ಣು ಹೊರಗೆ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಹಾಗೇ ಎಸೆದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ, ಉಳಿದದ್ದನ್ನು ಇರುವೆ ಹೊತ್ತೊಯ್ಯುತ್ತದೆ. ಒಂದು ಚಮಚ ಬೀಜಕ್ಕೆ ಮೂರು ಚಮಚ ರವೆ ಬೆರೆಸಿ ಬಿತ್ತಿ. ಇರುವೆ ರವೆಯ ಹಿಂದೆ ಹೋಗುತ್ತದೆ, ಬೀಜ ಉಳಿಯುತ್ತದೆ. ತಿಂಗಳೊಳಗೆ ಕೊಯ್ಲು, ಮಧ್ಯಾಹ್ನದ ಊಟಕ್ಕೆ ಒಂದು ಪಲ್ಯ. ಅಲಸಂಡೆ, ಬೆಂಡೆಗೆ ಒಂದೂವರೆ ತಿಂಗಳು ಕಾಯಬೇಕು.

ಕಲೋತ್ಸವದಲ್ಲಿ ಎಲ್‌ಪಿ (ಒಂದರಿಂದ ನಾಲ್ಕನೇ ತರಗತಿಯ) ಮಕ್ಕಳ ಸ್ಪರ್ಧೆ ಉಪಜಿಲ್ಲಾ ಮಟ್ಟಕ್ಕೆ ನಿಲ್ಲುತ್ತದೆ. ಈ ವಿಷಯ ಹೆತ್ತವರಿಗೆ ಮೊದಲೇ ತಿಳಿಸಿದರೆ ಅರ್ಧ ಒತ್ತಡ ಇಳಿಯುತ್ತದೆ. ಒಬ್ಬ ಜಾಣ ಮಗುವನ್ನೇ ಪದ್ಯ ಕಂಠಪಾಠಕ್ಕೂ ಕತೆ ಹೇಳಲೂ ಗುಂಪು ನೃತ್ಯಕ್ಕೂ ಕಳುಹಿಸಿದರೆ ಮೂರು ವೇದಿಕೆಗಳಲ್ಲಿ ಒಂದೇ ಹೊತ್ತಿಗೆ ಹೆಸರು ಕೂಗುವ ಫಜೀತಿ ಇದ್ದದ್ದೇ. ಕಂಠಪಾಠಕ್ಕೆ ಅಭ್ಯಾಸ ಮಾಡಿಸುವಾಗ ಅಲ್ಪಪ್ರಾಣ, ಮಹಾಪ್ರಾಣ, ಳ ಮತ್ತು ಲ ಇವನ್ನು ನಿಧಾನವಾಗಿ ತಿದ್ದಿ. ಕೈ ಆಡಿಸುವ ಅಭಿನಯ ಆಮೇಲೆ. ಮೈಕಿನೆದುರು ಒಂದು ಸಲವಾದರೂ ನಿಲ್ಲಿಸಿ. ಸ್ವಂತ ದನಿ ಪೆಟ್ಟಿಗೆಯಿಂದ ಬಂದದ್ದಕ್ಕೇ ಬೆಚ್ಚಿ ಮರೆತುಬಿಡುವ ಮಕ್ಕಳಿದ್ದಾರೆ.

ನವೆಂಬರ್ 1ಕ್ಕೆ ಭಾಷಣದ ಬದಲು ನಕ್ಷೆ ಹಿಡಿಯಿರಿ. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು, 1984ರ ಮೇ 24ರಂದು ಜಿಲ್ಲೆಯಾಯಿತು. ಗಡಿಗಳನ್ನು ಬೇರೆ ಬೇರೆ ಬಣ್ಣದಲ್ಲಿ ಎಳೆಸಿ, ಮೇಲೆ ಚಂದ್ರಗಿರಿ, ಶಿರಿಯ, ಮೊಗ್ರಾಲ್, ಉಪ್ಪಳ ಹೊಳೆಗಳನ್ನು ನೀಲಿಯಲ್ಲಿ ಬಿಡಿಸಲಿ. ಕೇರಳದ ಅತಿ ಚಿಕ್ಕ ನದಿ, 16 ಕಿಲೋಮೀಟರಿನ ಮಂಜೇಶ್ವರ ಹೊಳೆ, ನಮ್ಮಲ್ಲೇ ಇದೆ ಎಂಬುದು ಮಕ್ಕಳಿಗೆ ಹೊಸ ಸುದ್ದಿ.

ಪ್ರವಾಸ: ಬೇಕಲಕ್ಕೆ ಬೆಳಗ್ಗೆಯೇ

ಪಿಟಿಎಯ (ಹೆತ್ತವರ ಮತ್ತು ಅಧ್ಯಾಪಕರ ಸಂಘದ) ನಿರ್ಣಯ, ಉಪಜಿಲ್ಲಾ ವಿದ್ಯಾಧಿಕಾರಿಯವರ ಅನುಮತಿ, ಪ್ರತಿ ಮಗುವಿನ ಹೆತ್ತವರ ಸಹಿ, ಬಸ್ಸಿನ ದಾಖಲೆಗಳು, ಇಷ್ಟು ಕೈಯಲ್ಲಿ ಇಲ್ಲದೆ ದಿನಾಂಕ ಘೋಷಿಸಬೇಡಿ. ರಾತ್ರಿ ಹೊತ್ತು ಶಾಲಾ ಪ್ರವಾಸದ ಬಸ್ ಓಡುವಂತಿಲ್ಲ. ನಾಲ್ಕನೇ ತರಗತಿಗೆ ಜಿಲ್ಲೆಯೊಳಗಿನ ಒಂದು ದಿನವೇ ಧಾರಾಳ: ಬೇಕಲ ಕೋಟೆ, ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ, ಮರಳುವಾಗ ಅನಂತಪುರದ ಕೆರೆಯ ನಡುವಿನ ದೇವಸ್ಥಾನ. ಸಂಶೋಧನಾ ಕೇಂದ್ರಕ್ಕೆ ಮೊದಲೇ ಪತ್ರ ಬರೆದು, ಕೆಲಸದ ದಿನವನ್ನೇ ಆರಿಸಬೇಕು.

ಬೇಕಲವನ್ನು ಮೊದಲಿಗೆ ಇಟ್ಟುಕೊಳ್ಳಿ. ಒಳಗೆ ನೆರಳು ಕಡಿಮೆ, ಹನ್ನೊಂದರ ಮೇಲೆ ಕಲ್ಲು ಕಾಯುತ್ತದೆ. ಕೋಟೆ ಕಟ್ಟಿಸಿದ್ದು 17ನೇ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಎಂದು ಹೇಳಿ ಮುಂದೆ ನಡೆಯುವ ಬದಲು ಗೋಡೆಯ ಕಿಂಡಿಗಳ ಹತ್ತಿರ ನಿಲ್ಲಿ. ಕಿಂಡಿಗಳು ಬೇರೆ ಬೇರೆ ಎತ್ತರದಲ್ಲಿವೆ. ಮೇಲಿನದರಿಂದ ದೂರದವರಿಗೆ, ನಡುವಿನದರಿಂದ ಹತ್ತಿರ ಬಂದವರಿಗೆ, ಕೆಳಗಿನದರಿಂದ ಗೋಡೆಯ ಬುಡಕ್ಕೇ ಬಂದವರಿಗೆ ಗುರಿ. ಪ್ರತಿ ಮಗುವೂ ಬಗ್ಗಿ ಒಂದೊಂದರಿಂದ ಇಣುಕಿ, ಏನು ಕಾಣುತ್ತದೆಂದು ಮೂರು ಚೌಕಗಳಲ್ಲಿ ಬಿಡಿಸಲಿ. ಇದಕ್ಕೆ ಅರ್ಧ ಗಂಟೆ ಬೇಕು. ಗೋಡೆಯ ಮೇಲೆ ಹತ್ತಲು ಬಿಡಬಾರದು.

ಎಂಟು ಮಕ್ಕಳಿಗೆ ಒಬ್ಬರು ದೊಡ್ಡವರು, ಪ್ರತಿ ಗುಂಪಿಗೆ ಒಂದು ಬಣ್ಣದ ರಿಬ್ಬನ್, ಬಸ್ ಹತ್ತುವಾಗಲೆಲ್ಲ ಎಣಿಕೆ. ವಾಂತಿ ಮಾಡುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಬೆಳಗ್ಗೆ ಎರಡು ಇಡ್ಲಿಗಿಂತ ಹೆಚ್ಚು ಬೇಡ ಎಂದು ಮನೆಗೆ ಮೊದಲೇ ಹೇಳಿಕಳುಹಿಸಿ.

ಜನವರಿಯ ಸಂತೆ, ಫೆಬ್ರವರಿಯ ವೇದಿಕೆ

ಗ್ರೋಬ್ಯಾಗಿನ ತರಕಾರಿ, ಮನೆಯಿಂದ ತಂದ ನಿಂಬೆ, ಬಾಳೆಗೊನೆ, ತೆಂಗಿನಕಾಯಿ ಇಟ್ಟು ಒಂದು ಗಂಟೆಯ ಸಂತೆ ಮಾಡಿದರೆ ತೂಕ, ಹಣ, ಚಿಲ್ಲರೆಯ ಪಾಠ ಒಂದೇ ದಿನಕ್ಕೆ ಮುಗಿಯುತ್ತದೆ. ಅಂಗಡಿ ಐದಕ್ಕಿಂತ ಹೆಚ್ಚು ಬೇಡ. ಪ್ರತಿ ಅಂಗಡಿಗೆ 100 ರೂಪಾಯಿಯಷ್ಟು ನಾಣ್ಯ, ಸಣ್ಣ ನೋಟು ಮೊದಲೇ ಕೊಟ್ಟು ಬರೆದಿಡಿ. ಚಿಲ್ಲರೆ ಇಲ್ಲದೆ ‘ಇರಲಿ ಬಿಡು’ ಎಂದರೆ ಕಳೆಯುವ ಲೆಕ್ಕವೇ ಹೋಯಿತು. ಹೆತ್ತವರು ಬರುವುದು ಕೊನೆಯ 20 ನಿಮಿಷಕ್ಕೆ, ಮೊದಲೇ ಬಂದರೆ ಎಲ್ಲವನ್ನೂ ಅವರೇ ಕೊಂಡುಬಿಡುತ್ತಾರೆ.

ವಾರ್ಷಿಕೋತ್ಸವದ ದಿನಾಂಕ ನಿಗದಿಪಡಿಸುವ ಮುನ್ನ ಊರಿನ ಜಾತ್ರೆ, ಕಳಿಯಾಟ (ತೆಯ್ಯಂ ಉತ್ಸವ), ಉರೂಸ್, ಯಕ್ಷಗಾನ ಬಯಲಾಟ ಯಾವಾಗ ಎಂದು ವಿಚಾರಿಸಿ. ಇಲ್ಲವಾದರೆ ಸಭೆಯೂ ಸಿಗದು, ಧ್ವನಿವರ್ಧಕದವರೂ ಸಿಗರು. ಒಂದು ಕಾರ್ಯಕ್ರಮಕ್ಕೆ ಏಳು ನಿಮಿಷ, ವೇದಿಕೆ ಬದಲಿಸಲು ಮೂರು ನಿಮಿಷ ಎಂದು ಹಿಡಿದರೆ 12 ಕಾರ್ಯಕ್ರಮಕ್ಕೇ ಎರಡು ಗಂಟೆ. ಒಂದನೇ ತರಗತಿಯವರದು ಮೊದಲು. ನಿದ್ದೆ ಬಂದ ಮಗು ವೇದಿಕೆಯಲ್ಲಿ ಅಳುತ್ತದೆ. ಸಭಾ ಕಾರ್ಯಕ್ರಮದ ಭಾಷಣಗಳನ್ನು ಅರ್ಧ ಗಂಟೆಗೆ ಕಟ್ಟಿಹಾಕುವುದು ಮುಖ್ಯೋಪಾಧ್ಯಾಯರ ಧೈರ್ಯಕ್ಕೆ ಬಿಟ್ಟದ್ದು.

ವೇದಿಕೆಯ ಪಕ್ಕ ಒಂದು ಬೆಂಚಿನಲ್ಲಿ ಮಳೆಪುಸ್ತಕ, ಚಂದ್ರನ ಚಿತ್ರಗಳು, ಕಿಂಡಿಯ ಚೌಕಗಳು, ಕೈಬರಹ ಪತ್ರಿಕೆ ಇಡಿ, ಪ್ರತಿಯೊಂದರ ಬಳಿ ವಿವರಿಸಲು ಇಬ್ಬರು ಮಕ್ಕಳಿರಲಿ. ಮಾರ್ಚಿನಲ್ಲಿ ಪರೀಕ್ಷೆ ಮುಗಿದೊಡನೆ ಹರಿವೆಯ ಒಣಬೀಜವನ್ನು ಬೂದಿ ಬೆರೆಸಿ ಬಾಟಲಿಯಲ್ಲಿ ತುಂಬಿ, ಮಳೆಪುಸ್ತಕದ ಜತೆ ಮೂರನೇ ತರಗತಿಯ ಅಧ್ಯಾಪಕರಿಗೆ ಒಪ್ಪಿಸಿ. ಜೂನ್‌ನಲ್ಲಿ ಅದೇ ಪುಸ್ತಕದ ಮುಂದಿನ ಪುಟದಿಂದ ಬರೆದರೆ ಹಿಂದಿನ ವರ್ಷದ ಮಳೆಯೊಂದಿಗೆ ಹೋಲಿಸಲು ಬರುತ್ತದೆ.