ನರ್ಸಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಹಳೇ ಕೇಸು: ಬರೆಯುವುದು ಹೇಗೆ?

ಹಾಸನ ಸೀಮೆಯಲ್ಲಿ ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮುಗಿಸಿ ಅಮೆರಿಕದ ಲೈಸೆನ್ಸಿಗೆ ಓದುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಆ ಲೈಸೆನ್ಸಿಗೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಗೆ ಹೆದರದವರೂ ಅರ್ಜಿಯ ಒಂದು ಪ್ರಶ್ನೆಗೆ ಹೆದರುತ್ತಾರೆ: ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯೇ? ಜಾತ್ರೆಯಲ್ಲಿ ಆದ ಹೊಡೆದಾಟ, ಬದುವಿನ ಜಗಳದಲ್ಲಿ ಮನೆಮಂದಿಯ ಹೆಸರನ್ನೆಲ್ಲ ಸೇರಿಸಿ ಕೊಟ್ಟ ದೂರು, ಕುಡಿದು ಬೈಕ್ ಓಡಿಸಿದ್ದು. ಇಂಥ ಹಳೇ ಕೇಸಿಗಿಂತ ಅದನ್ನು ಮುಚ್ಚಿಟ್ಟಿದ್ದೇ ಜಾಸ್ತಿ ತೊಂದರೆ ಕೊಡುತ್ತದೆ. ಹಾಗಾಗಿ ಹೇಳುವುದನ್ನೇ ಸರಿಯಾಗಿ ಹೇಳುವ ದಾರಿ ನೋಡೋಣ.

ಮೊದಲು ಕಾಗದ ತೆಗೆಸಿ

"ಅದು ಆವತ್ತೇ ಮುಗೀತು" ಎಂದು ಮನೆಯವರು ಹೇಳಿದರೆ ಸಾಲದು. ಹೇಗೆ ಮುಗಿಯಿತು ಎನ್ನುವುದು ಮುಖ್ಯ. ಪೊಲೀಸರು ಬಿ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲ ಎಂದು ಕೇಸು ಮುಗಿಸುವ ವರದಿ) ಹಾಕಿರಬಹುದು. ಹೈಕೋರ್ಟ್ ಕೇಸನ್ನೇ ರದ್ದು ಮಾಡಿರಬಹುದು. ರಾಜಿಯಾಗಿರಬಹುದು, ಕಾನೂನು ರಾಜಿಗೆ ಬಿಡುವಂಥ ಅಪರಾಧವಾದರೆ ಅದು ಖುಲಾಸೆಗೆ ಸಮ.

ಜನ ಎಡವುವುದು ದಂಡದ ವಿಷಯದಲ್ಲಿ. ಜಡ್ಜ್ ಮುಂದೆ ತಪ್ಪೊಪ್ಪಿಕೊಂಡು ಐನೂರೋ ಸಾವಿರವೋ ಕಟ್ಟಿ ಬಂದಿದ್ದರೆ, ಕಾನೂನಿನ ಲೆಕ್ಕದಲ್ಲಿ ನಿಮಗೆ ಶಿಕ್ಷೆಯಾಗಿದೆ. "ಸುಮ್ನೆ ಫೈನ್ ಕಟ್ಟಿದ್ದು, ಕೇಸೇನಿಲ್ಲ" ಎಂದುಕೊಂಡು 'ಇಲ್ಲ' ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು, ಎಫ್‌ಐಆರ್ ನಂಬರ್ ಅಥವಾ ಪ್ರತಿ ಕೇಸಿಗೂ ಕೋರ್ಟ್ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿ ಹುಡುಕಿ. ಕೇಸು ಬೇಲೂರು ಕೋರ್ಟಿನಲ್ಲಿ ನಡೆದಿದ್ದರೆ ಅಲ್ಲಿನ ನಕಲು ವಿಭಾಗದಲ್ಲೇ ಅರ್ಜಿ ಹಾಕಿ. ಎಫ್‌ಐಆರ್, ಚಾರ್ಜ್‌ಶೀಟ್, ಕೊನೆಯ ಆದೇಶ, ಈ ಮೂರರ ದೃಢೀಕೃತ ನಕಲು ಬೇಕು. ದಂಡ ಕಟ್ಟಿದ್ದರೆ ರಸೀದಿಯೂ ಇರಲಿ. ಹಳೇ ಕಡತ ರೆಕಾರ್ಡ್ ರೂಮಿನಿಂದ ಬರಬೇಕಾದ್ದರಿಂದ ತಡವಾಗುತ್ತದೆ. ಎಲ್ಲಕ್ಕಿಂತ ಮೊದಲು ಈ ಕೆಲಸ ಹಿಡಿಯಿರಿ. ಆದೇಶ ಕನ್ನಡದಲ್ಲಿದ್ದರೆ ಅನುವಾದಕರ ಸಹಿಯಿರುವ ಇಂಗ್ಲಿಷ್ ಅನುವಾದ ಮಾಡಿಸಿ.

ಕೇಸಾದಾಗ ನಿಮಗೆ 18 ತುಂಬಿರಲಿಲ್ಲವೇ? ಬಾಲನ್ಯಾಯ ಕಾಯ್ದೆ 2015ರ ರಕ್ಷಣೆ ಇದೆ, ಆದರೆ ಹೊರದೇಶದ ಅರ್ಜಿಗೆ ಅದು ಎಷ್ಟು ಅನ್ವಯಿಸುತ್ತದೆ ಎಂದು ವಕೀಲರನ್ನು ಕೇಳಿಯೇ ಬರೆಯಿರಿ.

ಪ್ರಶ್ನೆಯನ್ನು ಎರಡು ಸಲ ಓದಿ

ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಬೋರ್ಡ್. ಪ್ರಶ್ನೆಗಳೂ ಬೇರೆಬೇರೆ. ಒಂದು ಕಡೆ ಶಿಕ್ಷೆಯಾಗಿದೆಯೇ ಎಂದಷ್ಟೇ ಕೇಳಿದರೆ, ಇನ್ನೊಂದು ಕಡೆ ಬಂಧನ, ಬಾಕಿ ಇರುವ ಕೇಸು ಎಲ್ಲವನ್ನೂ ಕೇಳಬಹುದು. ಬಂಧನವಾಗಿ ಆಮೇಲೆ ಖುಲಾಸೆಯಾದವರಿಗೆ ಮೊದಲನೆಯದಕ್ಕೆ 'ಇಲ್ಲ', ಎರಡನೆಯದಕ್ಕೆ 'ಹೌದು' ಎಂಬುದೇ ನಿಜವಾದ ಉತ್ತರ. ಕೇಳಿದ್ದಕ್ಕೆ ಪೂರ್ತಿ ಹೇಳಿ. ಟೆಕ್ಸಾಸ್‌ನಲ್ಲಿ ಒಂದು ಒಳ್ಳೆ ಅನುಕೂಲ ಇದೆ: ಅರ್ಹತೆ ಬಗ್ಗೆ ಅನುಮಾನವಿದ್ದರೆ 'ಡಿಕ್ಲರೇಟರಿ ಆರ್ಡರ್' ಕೋರಿ ಬೋರ್ಡಿನ ತೀರ್ಮಾನವನ್ನು ಮೊದಲೇ ಪಡೆಯಬಹುದು.

ವಿವರಣೆ ಪತ್ರ

ಒಂದು ಪುಟ ಸಾಕು. ಯಾವಾಗ, ಎಲ್ಲಿ, ಏನಾಯಿತು, ಕೋರ್ಟ್ ಏನು ಮಾಡಿತು, ಆಮೇಲೆ ನೀವೇನು ಮಾಡಿದಿರಿ. "ನನ್ನದೇನೂ ತಪ್ಪಿಲ್ಲ, ಆಗದವರು ಸಿಕ್ಕಿಸಿದರು" ಎಂದು ಶುರು ಮಾಡಬೇಡಿ. ಹೀಗೆ ಬರೆದು ನೋಡಿ: "ಊರ ಜಾತ್ರೆಯಲ್ಲಿ ಜಗಳವಾಯಿತು. ನಾನೂ ಒಬ್ಬರನ್ನು ತಳ್ಳಿದೆ, ಅವರ ಕೈಗೆ ಗಾಯವಾಯಿತು. ಕೋರ್ಟಿನಲ್ಲಿ ಒಪ್ಪಿಕೊಂಡು ದಂಡ ಕಟ್ಟಿದೆ. ರಸೀದಿ ಜೊತೆಗಿದೆ. ಆಮೇಲೆ ನನ್ನ ಮೇಲೆ ಬೇರೆ ಕೇಸು ಇಲ್ಲ." ತಾರೀಕು, ಸೆಕ್ಷನ್ ಆದೇಶದಲ್ಲಿ ಇದ್ದಂತೆಯೇ ಇರಲಿ.

ಕುಡಿತ ಅಥವಾ ಮಾದಕ ವಸ್ತುವಿನ ಕೇಸನ್ನು ಬೋರ್ಡ್‌ಗಳು ಸುಲಭಕ್ಕೆ ಬಿಡುವುದಿಲ್ಲ. ಮಾರ್ಫಿನ್ ಇಟ್ಟ ಕಪಾಟಿನ ಕೀಲಿ ನರ್ಸ್ ಕೈಯಲ್ಲೇ ತಾನೆ ಇರುವುದು? ಚಿಕಿತ್ಸೆ ಪಡೆದಿದ್ದರೆ ಆ ದಾಖಲೆ ಲಗತ್ತಿಸಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಂದ ಪತ್ರ ಪಡೆಯುವುದಾದರೆ, ಕೇಸಿನ ವಿಷಯ ಅವರಿಗೆ ಗೊತ್ತು ಎಂಬ ಮಾತು ಅದರಲ್ಲಿ ಇರಲೇಬೇಕು. ಇಲ್ಲದಿದ್ದರೆ ಅದು ಬರೀ ಹೊಗಳಿಕೆ ಪತ್ರ.

"ಇಲ್ಲ ಅಂತ ಹಾಕಿ" ಎನ್ನುವವರು

ಕೆಲವು ಏಜೆಂಟರು ಹೀಗೆ ಹೇಳಿಕೊಡುತ್ತಾರೆ. ಕೇಳಬೇಡಿ, ದಯವಿಟ್ಟು. ಸಹಿ ನಿಮ್ಮದು. ಮುಚ್ಚಿಟ್ಟದ್ದು ಗೊತ್ತಾದರೆ ಸಿಕ್ಕ ಲೈಸೆನ್ಸಿಗೂ ಕುತ್ತು. ವಲಸೆ ವೀಸಾದ ಹೊತ್ತಿಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕೇ ಬೇಕು. ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಕೊಟ್ಟ ಅರ್ಜಿಯೂ ಪರಿಶೀಲನೆಗೆ ನಿಮ್ಮೂರಿನ ಠಾಣೆಗೇ ಬರಬಹುದು. ಡಿಎಸ್-260 ವೀಸಾ ಅರ್ಜಿಯಲ್ಲಿ ಬಂಧನ, ಶಿಕ್ಷೆ ಎರಡನ್ನೂ ಕೇಳುತ್ತಾರೆ, ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕು. ಬೋರ್ಡಿಗೆ ಒಂದು, ವೀಸಾಕ್ಕೆ ಇನ್ನೊಂದು ಬರೆದರೆ ಎರಡೂ ಕೈತಪ್ಪಬಹುದು.

ಈಗಾಗಲೇ 'ಇಲ್ಲ' ಎಂದು ಹಾಕಿಬಿಟ್ಟಿದ್ದರೆ, ಅವರಾಗಿ ಕೇಳುವ ಮೊದಲೇ ದಾಖಲೆ ಸಮೇತ ತಿದ್ದುಪಡಿ ಪತ್ರ ಕಳಿಸಿ.

ಕೇಸು ಇನ್ನೂ ನಡೆಯುತ್ತಿದ್ದರೆ ಮೊದಲು ಪಾಸ್‌ಪೋರ್ಟ್ ಕಡೆ ನೋಡಿ. ಕ್ರಿಮಿನಲ್ ಕೇಸು ಬಾಕಿ ಇರುವವರಿಗೆ ಹೊರದೇಶಕ್ಕೆ ಹೋಗಲು ಆ ಕೋರ್ಟಿನ ಅನುಮತಿ ಆದೇಶ ಬೇಕಾಗುತ್ತದೆ. ವಕೀಲರ ಮೂಲಕ ಅದಕ್ಕೆ ಅರ್ಜಿ ಹಾಕಿಸಿ, ನಂತರ ಬೋರ್ಡಿನ ಶುಲ್ಕ ಕಟ್ಟಿ.