ಐವತ್ತು ಪೈಸೆ ಕಾರ್ಡು, ನಾಟಕದ ಮೇಷ್ಟ್ರು

ಶಾಲೆಯಲ್ಲಿ ನಾಟಕ ಕಲಿಸುವ ಮೇಷ್ಟ್ರುಗಳಿಗೆ, ಮಕ್ಕಳೇ ಹೆಸರು ಸೂಚಿಸುವ ಒಂದು ಪ್ರಶಸ್ತಿ ಕೊಡೋಣ ಅಂತ ನಮ್ಮ ನಾಟಕ ತಂಡ ಹೊರಟ ಮೊದಲ ವರ್ಷ ಬಂದ ಹಾಳೆಗಳನ್ನು ಇನ್ನೂ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ಒಂದೇ ಶಾಲೆಯಿಂದ ಮೂವತ್ತೆಂಟು. ಮೂವತ್ತೆಂಟರಲ್ಲೂ ಒಂದೇ ಸಾಲು: ‘ನಮ್ಮ ಶಿಕ್ಷಕರು ಕರ್ತವ್ಯನಿಷ್ಠರು, ಸಮಯಪಾಲಕರು, ಸರಳ ಸಜ್ಜನಿಕೆಯ ವ್ಯಕ್ತಿ.’ ಎಂಟನೇ ಕ್ಲಾಸಿನ ಅಷ್ಟೂ ಮಕ್ಕಳು ‘ಸಜ್ಜನಿಕೆ’ಯ ಒತ್ತಕ್ಷರವನ್ನು ತಪ್ಪಿಲ್ಲದೆ ಬರೆದಿದ್ದರು. ಯಾರೋ ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸಿದ್ದಾರೆ ಅಂತ ಗೊತ್ತಾಗೋಕೆ ಪತ್ತೇದಾರ ಬೇಕಿರಲಿಲ್ಲ.

ತಪ್ಪು ನಮ್ಮದೇ. ತುಮಕೂರಿನಲ್ಲಿ ನಮ್ಮದು ಒಂದು ಸಣ್ಣ ಹವ್ಯಾಸಿ ತಂಡ. ಹಗಲು ಬ್ಯಾಂಕು, ಅಂಗಡಿ, ಕೋರ್ಟು ಅಂತ ಇರುವವರು ಸಂಜೆ ಒಬ್ಬರ ಮನೆಯ ತಾರಸಿಯಲ್ಲಿ ತಾಲೀಮಿಗೆ ಸೇರುತ್ತೇವೆ. ವರ್ಷಕ್ಕೊಮ್ಮೆ ಹಿರಿಯ ಕಲಾವಿದರಿಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ರೂಢಿಯಾಗಿತ್ತು. ಒಂದು ಸಲ ಟೀ ಕುಡಿಯುತ್ತಾ ಮಾತು ಶಾಲೆಯ ಕಡೆ ಹೊರಳಿತು. ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ಬಣ್ಣ ಹಚ್ಚಿದ್ದು ಯಾರೋ ಒಬ್ಬ ಕನ್ನಡ ಮೇಷ್ಟ್ರೋ ಡ್ರಿಲ್ ಮೇಷ್ಟ್ರೋ. ಅವರನ್ನು ಕರೆದು ಕೂರಿಸಿದ್ದು ಯಾರು? ಅಮೆರಿಕದಲ್ಲಿ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಟೋನಿಯವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆ ಸೇರಿ 2015ರಿಂದ ರಂಗಶಿಕ್ಷಕರಿಗೂ ಒಂದು ಪ್ರಶಸ್ತಿ ಕೊಡುತ್ತಿದ್ದಾರೆ ಅಂತ ನಮ್ಮ ಲೈಟಿಂಗ್ ಹುಡುಗ ಹೇಳಿದ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ಮನೆ ಬಿಟ್ಟು ಓಡಿಬಂದ ಬಾಲಕ ಬಿ.ವಿ. ಕಾರಂತರು ನಾಟಕ ಕಲಿತದ್ದು ಆ ಕಂಪನಿಯಲ್ಲೇ. ನಾವೂ ಮಾಡೋಣ, ಆದರೆ ಹೆಸರು ಸೂಚಿಸುವವರು ಮಕ್ಕಳೇ ಆಗಿರಲಿ ಅಂತ ಹೊರಟೆವು.

ಹೊರಟು, ಫಾರಂ ಅಚ್ಚು ಹಾಕಿಸಿ ಹೆಡ್‌ಮಾಸ್ಟರುಗಳ ಕೈಗೆ ಕೊಟ್ಟೆವು. ‘ಅತ್ಯುತ್ತಮ ನಾಟಕ ಶಿಕ್ಷಕರು ಯಾರು? ಏಕೆ?’ ‘ಏಕೆ’ ಅಂತ ಕೇಳಿದರೆ ಮಕ್ಕಳಿಗೆ ಪರೀಕ್ಷೆ ನೆನಪಾಗುತ್ತೆ, ಪ್ರಬಂಧ ಬರೆಯುತ್ತಾರೆ. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬಂದ ಶಾಲೆಯಿಂದ ಪ್ರಬಂಧಗಳ ಕಂತೆಯೇ ಬಂತು. ಆ ವರ್ಷ ಯಾರಿಗೂ ಕೊಡಲಿಲ್ಲ. ನಮ್ಮ ಖಜಾಂಚಿ ಮಾತ್ರ ಬೇಜಾರಾದರು, ಶಾಲು ತಂದಾಗಿತ್ತು.

ಎರಡನೇ ವರ್ಷ ಪೋಸ್ಟ್ ಕಾರ್ಡು ಹಿಡಿದೆವು. ಕಾರ್ಡಿಗೆ ಐವತ್ತು ಪೈಸೆ. ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ‘ಇದು ಸ್ಪರ್ಧೆಗಾ? ಸ್ಪರ್ಧೆ ಕಾರ್ಡಿಗೆ ಹತ್ತು ರೂಪಾಯಿ’ ಅಂದರು. ‘ಇಲ್ಲಮ್ಮ, ಮಕ್ಕಳು ಮೇಷ್ಟ್ರ ಬಗ್ಗೆ ಬರೆಯೋ ಕಾಗದ’ ಅಂದೆ. ನಮ್ಮ ವಿಳಾಸದ ರಬ್ಬರ್ ಸ್ಟಾಂಪು ಒತ್ತಿ, ಹೆಡ್‌ಮಾಸ್ಟರ ಅನುಮತಿ ಪಡೆದು, ಮಕ್ಕಳ ಕೈಗೇ ಕೊಟ್ಟೆವು: ಮನೆಗೆ ಒಯ್ದು ಬರೆದು ನೀವೇ ಡಬ್ಬಕ್ಕೆ ಹಾಕಿ. ಒಂದೇ ಪ್ರಶ್ನೆ. ‘ತಾಲೀಮಿನಲ್ಲಿ ನಿಮ್ಮ ಸಾರ್ ಅಥವಾ ಮೇಡಂ ಮಾಡಿದ, ನಿಮಗೆ ಮರೆಯದ ಒಂದು ಕೆಲಸ ಬರೆಯಿರಿ.’ ಹೆಸರು ಹಾಕುವುದು ಅವರವರ ಇಷ್ಟ. ಕಾರ್ಡಿನಲ್ಲಿ ಜಾಗ ಕಮ್ಮಿ, ಅದೇ ಒಳ್ಳೆಯದಾಯಿತು. ‘ಸರಳ ಸಜ್ಜನಿಕೆ’ ಹಾಕೋಕೆ ಜಾಗವೇ ಇರಲಿಲ್ಲ.

ಬಂದವು ನೋಡಿ! ಒಬ್ಬ ಹುಡುಗ ಬರೆದಿದ್ದ: ಮಾತು ಮರೆತರೆ ಸಾರ್ ಅವನಿಗೆ ಬೈಯಲ್ಲ, ಎದುರಿಗೆ ನಿಂತವನಿಗೆ ಬೈತಾರೆ, ‘ನೀನ್ಯಾಕೋ ಎತ್ತಿಕೊಡಲಿಲ್ಲ’ ಅಂತ. ಇದನ್ನು ಓದಿ ನಾನು ಕಾರ್ಡು ಕೆಳಗಿಟ್ಟು ಸುಮ್ಮನೆ ಕೂತೆ. ಮೂವತ್ತು ವರ್ಷ ನಾಟಕ ಆಡಿದ್ದೇನೆ, ಈ ಪಾಠವನ್ನು ನನಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ. ಇನ್ನೊಂದು ಕಾರ್ಡಿನಲ್ಲಿ, ‘ನಮ್ಮೂರಲ್ಲಿ ಕೃಷ್ಣನ ಪಾರ್ಟು ಹಾಕೋಕೆ ದುಡ್ಡು ಕಟ್ಟಬೇಕು, ಸ್ಕೂಲಲ್ಲಿ ಮೇಡಂ ಪುಕ್ಕಟೆ ಕೊಟ್ಟರು’ ಅಂತ ಇತ್ತು. ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ನಮ್ಮ ಕಡೆ ಊರಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವಾಗ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು ಎಲ್ಲದರ ಖರ್ಚನ್ನು ಪಾರ್ಟು ಹಾಕುವವರೇ ಹಂಚಿಕೊಳ್ಳಬೇಕು. ದೊಡ್ಡ ಪಾರ್ಟಿಗೆ ದೊಡ್ಡ ಪಾಲು. ಕೂಲಿ ಮಾಡುವ ಮನೆಯ ಹುಡುಗ ಆ ಲೆಕ್ಕದಲ್ಲಿ ಬಾಗಿಲು ಕಾಯುವ ಚಾರಕನೇ.

ಓದುವ ಕ್ರಮವನ್ನೂ ಹೇಳಬೇಕು. ಶಾಲೆಯ ಹೆಸರಿನ ಮೇಲೆ ಚೀಟಿ ಅಂಟಿಸಿ ಓದಿದೆವು. ಎಷ್ಟು ಕಾರ್ಡು ಬಂತು ಅಂತ ಎಣಿಸಲಿಲ್ಲ, ಆರುನೂರು ಮಕ್ಕಳ ಶಾಲೆಗೂ ಅರವತ್ತು ಮಕ್ಕಳ ಶಾಲೆಗೂ ಎಣಿಕೆಯಲ್ಲಿ ಎಂಥ ಜೋಡಿ? ಓದಿದವರು ನಾಲ್ಕು ಜನ: ಕಾಲೇಜಿಗೆ ಹೋಗುವ ಇಬ್ಬರು, ಒಬ್ಬ ಮೇಕಪ್‌ನವರು, ನಾನು. ಈಗ ಕೆಲಸದಲ್ಲಿರುವ ಶಿಕ್ಷಕರನ್ನು ಬೇಕೆಂದೇ ಸೇರಿಸಲಿಲ್ಲ, ಸ್ಟಾಫ್ ರೂಮಿನ ರಾಜಕೀಯ ನಮಗೆ ಬೇಡ. ಮಕ್ಕಳು ಪಾಪ ಮೆಚ್ಚುಗೆಗೇ ಬರೆದ ಕೆಲವು ಕಾರ್ಡುಗಳು ನಮ್ಮ ಕಣ್ಣಿಗೆ ದೂರಿನಂತೆ ಕಂಡವು. ‘ತಪ್ಪಾದರೆ ಸಾರ್ ಸ್ಕೇಲಿನಲ್ಲಿ ಹೊಡೀತಾರೆ, ಅದಕ್ಕೇ ನಮಗೆ ಫಸ್ಟ್ ಪ್ರೈಜ್ ಬಂತು’ ಅನ್ನುವಂಥವು. ಅವನ್ನು ಬೇರೆ ತೆಗೆದಿಟ್ಟು ಆ ಹೆಡ್‌ಮಾಸ್ಟರ ಹತ್ತಿರ ಹೋಗಿ, ಯಾರ ಹೆಸರೂ ಎತ್ತದೆ ಮಾತಾಡಿ ಬಂದೆವು.

ಕಾರ್ಡು ನಂಬಿ ಸುಮ್ಮನಿರಲಿಲ್ಲ, ಎಂಟು ಶಾಲೆಗೆ ಹೋಗಿ ತಾಲೀಮು ನೋಡಿದೆವು. ಪಾವಗಡದ ಕಡೆಯ ಒಂದು ಹೈಸ್ಕೂಲಿನಲ್ಲಿ ಕಂಡದ್ದನ್ನು ಬರೆಯಲೇಬೇಕು. ಅಲ್ಲಿ ಬಹಳ ಮಕ್ಕಳ ಮನೆಮಾತು ತೆಲುಗು. ಸಮಾಜ ವಿಜ್ಞಾನದ ಮೇಷ್ಟ್ರು ದೃಶ್ಯವನ್ನು ಮೊದಲು ತೆಲುಗಿನಲ್ಲೇ ಆಡಿಸಿದರು. ಮಕ್ಕಳು ಕೈ ಬೀಸಿ, ಜಗಳ ಆಡಿ, ಉರುಳಾಡಿ ನಕ್ಕರು. ಆಮೇಲೆ ‘ಕೈಕಾಲು ಹಂಗೇ ಇರಲಿ, ಮಾತು ಮಾತ್ರ ಕನ್ನಡಕ್ಕೆ ತಗೊಳ್ರಪ್ಪ’ ಅಂದರು. ಮಾತು ಬದಲಾಯಿತು, ಮೈ ಬಿಗಿಯಲಿಲ್ಲ. ವಿಜ್ಞಾನ ನಾಟಕ ಸ್ಪರ್ಧೆಗೆ ಬಾಯಿಪಾಠ ಒಪ್ಪಿಸುವ ಎಷ್ಟೋ ತಂಡಗಳಲ್ಲಿ ನಾನು ಕಾಣದ್ದು ಇದು. ಆ ಸ್ಪರ್ಧೆಯ ಬಗ್ಗೆ ನನಗೆ ತಕರಾರಿಲ್ಲ, ಆದರೆ ಎಣಿಸಿದಷ್ಟೇ ಮಕ್ಕಳು, ಅರ್ಧ ಗಂಟೆಯ ನಾಟಕ ಅಂದಾಗ ಮೇಷ್ಟ್ರೂ ಚುರುಕಾದವರನ್ನೇ ಆರಿಸುತ್ತಾರೆ. ಉಳಿದವರು ಚಪ್ಪಾಳೆಗೆ.

ಕೊನೆಗೆ ಮೂವರನ್ನು ಆರಿಸಿದೆವು, ಒಂದು ಎರಡು ಮೂರು ಅಂತ ಸಾಲು ಹಚ್ಚಲಿಲ್ಲ. ಮೂವರಲ್ಲಿ ನಾಟಕ ಶಿಕ್ಷಕರು ಅಂತಲೇ ನೇಮಕವಾದವರು ಒಬ್ಬರೇ. ಏನು ಬೇಕು ಅಂತ ಅವರನ್ನೇ ಕೇಳಿದೆವು. ಒಬ್ಬರು ಕಪ್ಪು ಪರದೆ ಕೇಳಿದರು. ಒಬ್ಬರು ಶಾಲೆಯ ಹಾರ್ಮೋನಿಯಂ ರಿಪೇರಿ ಮಾಡಿಸಿಕೊಡಿ ಅಂದರು, ಇಲಿ ತಿದಿಯನ್ನು ಕಡಿದಿತ್ತು. ಮೂರನೆಯ ಮೇಡಂ ಮೊದಲು ಒಪ್ಪಲೇ ಇಲ್ಲ. ‘ಸನ್ಮಾನ ಗಿನ್ಮಾನ ಬೇಡ ಸಾರ್, ಆಮೇಲೆ ಸ್ಕೂಲಿನ ಎಲ್ಲಾ ಫಂಕ್ಷನ್ನೂ ನನ್ನ ತಲೆಗೇ ಕಟ್ತಾರೆ. ನಿಮ್ಮ ಕೈಲಾದರೆ ಐದೂವರೆ ಬಸ್ಸನ್ನು ಅರ್ಧ ಗಂಟೆ ತಡ ಮಾಡಿಸಿ, ತಾಲೀಮು ಕಾವೇರುವ ಹೊತ್ತಿಗೆ ಮಕ್ಕಳು ಓಡಿಹೋಗ್ತಾರೆ.’ ಬಸ್ಸಿನದು ನಮ್ಮ ಕೈಲಾಗಲಿಲ್ಲ. ನಾಟಕ ಹತ್ತಿರ ಬಂದ ಎರಡು ವಾರ ಒಂದು ಟೆಂಪೊ ಬಾಡಿಗೆಗೆ ಹಿಡಿದುಕೊಟ್ಟೆವು. ಶಾಲಿನ ಖರ್ಚಿಗಿಂತ ಜಾಸ್ತಿಯಾಯಿತು.

ಆ ಮೇಡಂ ಇನ್ನೊಂದು ಕೇಳಿದರು, ಮಕ್ಕಳು ಬರೆದ ಕಾರ್ಡುಗಳು. ಮೂಲ ಕಾರ್ಡು ತೋರಿಸಿದರೆ ಕೈಬರಹ ಗುರುತು ಸಿಗುತ್ತೆ ಅಂತ ಒಂದು ರಾತ್ರಿ ಕೂತು ನಾನೇ ನೋಟ್ ಬುಕ್ಕಿಗೆ ಇಳಿಸಿದೆ, ಹೆಸರೆಲ್ಲ ಬಿಟ್ಟು. ಮೇಡಂ ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ನಿಂತು ಓದಿದರು. ಒಂದು ಪುಟದಲ್ಲಿ ಹೀಗಿತ್ತು: ‘ನಾನು ಪರದೆ ಎಳೆಯೋಳು. ಮೇಡಂ ಹಗ್ಗ ಎಳೆಯೋದಕ್ಕೂ ತಾಲೀಮು ಕೊಟ್ಟರು, ನಿಧಾನ ಎಳೆದರೆ ಅಳು, ಜೋರಾಗಿ ಎಳೆದರೆ ಜಗಳ ಅಂತ. ಕೊನೆಗೆ ಮೈಕಲ್ಲಿ ನನ್ನ ಹೆಸರೂ ಕೂಗಿದರು.’

ಓದಿ, ಪುಟದ ಮೇಲೆ ಬೆರಳಿಟ್ಟು ನಕ್ಕರು. ‘ಹೆಸರು ಬಿಟ್ಟಿದ್ದೀರಿ ಸರಿ. ನಮ್ಮ ನಾಟಕದಲ್ಲಿ ಹಗ್ಗ ಹಿಡಿದೋಳು ಒಬ್ಬಳೇ ಅಲ್ವಾ ಸಾರ್!’